ಮೇಲಂತಸ್ತಿನಲ್ಲಿ ತಮ್ಮಂದಿರೂ ಇದ್ದರು

ಭಾನುವಾರ, 24 ಮೇ 2020. ಆನ್‌ಲೈನ್ ಆರಾಧನೆಯಲ್ಲಿ ಕೊಟ್ಟ ಸಂದೇಶ.

ಇವತ್ತು ನೀವು ಎಲ್ಲಿಗೂ ಹೋಗುವ ಹಾಗಿಲ್ಲ ಅಂತ ನನಗೆ ಗೊತ್ತು. ನಿನ್ನೆ ಸಂಜೆ 7ರಿಂದ ನಾಳೆ ಬೆಳಿಗ್ಗೆ 7ರ ತನಕ ರಾಜ್ಯಕ್ಕೆಲ್ಲ ಕರ್ಫ್ಯೂ. ಹಾಗಾಗಿ ಸಂದೇಶ ಸ್ವಲ್ಪ ಉದ್ದ ಆದರೂ "ಬ್ರದರ್, ಬಸ್ ತಪ್ಪುತ್ತೆ" ಅಂತ ಯಾರೂ ಹೇಳೋ ಹಾಗಿಲ್ಲ.

ಮಾರ್ಚ್ 25ರಿಂದ ಎಣಿಸಿದರೆ ಇವತ್ತು 61ನೇ ದಿನ. ಮೊದಲು 21 ದಿನ ಅಂದರು. ಅದಕ್ಕೆ 19 ಸೇರಿತು. ಆಮೇಲೆ 14, ಮತ್ತೆ ಇನ್ನೊಂದು 14. ಈಗಿನ ಗಡುವು ಮೇ 31. ಅವತ್ತೇ ಪಂಚಾಶತ್ತಮದ ಭಾನುವಾರವೂ ಹೌದು. ದಯವಿಟ್ಟು ಇದರಲ್ಲಿ ಪ್ರವಾದನೆ ಹುಡುಕಬೇಡಿ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ. ಆದರೆ ಈ ವಾರ ಓದಬೇಕಾದ ಭಾಗ ಯಾವುದು ಅನ್ನೋದನ್ನ ಆ ತಾರೀಖು ನನಗೆ ಸುಲಭ ಮಾಡಿಕೊಟ್ಟಿತು. ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯ, 12ರಿಂದ 15ರವರೆಗೆ ತೆಗೆದುಕೊಳ್ಳಿ. ಫೋನಿನಲ್ಲೇ ಆರಾಧನೆ ನೋಡುತ್ತಿರುವವರು ಮನೆಯಲ್ಲಿರೋ ಪುಸ್ತಕದ ಬೈಬಲ್ ತೆಗೀರಿ, ಧೂಳು ಒರೆಸಿ.

ಕರ್ತನು ಎದ್ದುಬಂದ ಮೇಲೆ 40 ದಿನ ಶಿಷ್ಯರಿಗೆ ಕಾಣಿಸಿಕೊಂಡನು. ಆಮೇಲೆ ಪರಲೋಕಕ್ಕೆ ಏರಿಹೋದನು. ಪಂಚಾಶತ್ತಮ ಅಂದರೆ ಐವತ್ತನೇ ದಿನ. ನಡುವೆ ಉಳಿಯೋದು ಸುಮಾರು ಹತ್ತು ದಿನ. ಯೆರೂಸಲೇಮ್ ಬಿಟ್ಟು ಹೋಗಬೇಡಿ, ಕಾದಿರಿ ಅಂತ ಯೇಸು ಹೇಳಿದ್ದನು. ಎಷ್ಟು ದಿನ ಅಂತ ಹೇಳಿರಲಿಲ್ಲ. ಅದನ್ನ ಗಮನಿಸಿ. ನಾವು ಓದುವಾಗ ಮುಂದಿನ ಪುಟದಲ್ಲೇ ಬೆಂಕಿ, ಗಾಳಿ, ಅನ್ಯಭಾಷೆ ಎಲ್ಲ ಇದೆ. ಹತ್ತು ದಿನ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಮೂರನೇ ದಿನ ಅವರಿಗೆ ಅದು ಬರೀ ಮೂರನೇ ದಿನ.

ನಾವು ಪೆಂಟೆಕೋಸ್ಟಲ್ ಜನ 2ನೇ ಅಧ್ಯಾಯಕ್ಕೆ ಓಡಿಬಿಡ್ತೀವಿ. 1ನೇ ಅಧ್ಯಾಯದಲ್ಲಿ ಲೂಕನು ಹೆಸರುಗಳ ಒಂದು ಪಟ್ಟಿ ಕೊಡ್ತಾನೆ, ಅದನ್ನ ದಾಟಿ ಹೋಗ್ತೀವಿ. ಪೇತ್ರ, ಯೋಹಾನ, ಯಾಕೋಬ, ಅಂದ್ರೆಯ, ಹೀಗೆ ಹನ್ನೊಂದು ಜನ. ಆಮೇಲೆ ಹೆಂಗಸರು. ಆಮೇಲೆ ಯೇಸುವಿನ ತಾಯಿ ಮರಿಯಳು. ಕೊನೆಗೆ ಇನ್ನೊಂದು ಗುಂಪು ಇದೆ, ಯೇಸುವಿನ ತಮ್ಮಂದಿರು.

ಒಂದು ನಿಮಿಷ ಅಲ್ಲಿ ನಿಲ್ಲೋಣ. ಈ ತಮ್ಮಂದಿರು ಅಲ್ಲಿ ಹೇಗೆ?

ಮಾರ್ಕ 6ರಲ್ಲಿ ಅವರ ಹೆಸರಿದೆ: ಯಾಕೋಬ, ಯೋಸೆ, ಯೂದ, ಸೀಮೋನ. ಕಥೋಲಿಕ ಸ್ನೇಹಿತರು ಇವರನ್ನ ಹತ್ತಿರದ ಸಂಬಂಧಿಗಳು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಂತಾರೆ. ಆ ಚರ್ಚೆ ಇವತ್ತು ಬೇಡ. ಯಾವ ರೀತಿ ನೋಡಿದರೂ ಇವರು ಮನೆಯವರು. ನಜರೇತಿನ ಊರಿನವರು ಇವರನ್ನೆಲ್ಲ ಒಂದೇ ಉಸಿರಿನಲ್ಲಿ ಹೆಸರು ಹಿಡಿದು ಹೇಳ್ತಾರೆ. ಯೇಸು ಬಡಗಿ ಕೆಲಸದಿಂದ ಸುಸ್ತಾಗಿ ಬಂದು ಮಲಗಿದ್ದನ್ನ ನೋಡಿದವರು. ಆದರೆ ಯೋಹಾನ 7ನೇ ಅಧ್ಯಾಯ 5ನೇ ವಚನ ಓದಿದರೆ, ಅವರಿಗೆ ಅವನಲ್ಲಿ ನಂಬಿಕೆ ಇರಲಿಲ್ಲ ಅಂತ ನೇರವಾಗಿ ಬರೆದಿದೆ. ಪರ್ಣಶಾಲೆಗಳ ಹಬ್ಬದ ಸಮಯ ಅದು. ಇಷ್ಟೆಲ್ಲ ಮಾಡ್ತೀಯಲ್ಲ, ಯೂದಾಯಕ್ಕೆ ಹೋಗಿ ಲೋಕಕ್ಕೆ ತೋರಿಸು ಅನ್ನೋ ಧಾಟಿಯಲ್ಲಿ ಅಣ್ಣನಿಗೆ ಚುಚ್ಚಿ ಮಾತಾಡ್ತಾರೆ. ಮಾರ್ಕ 3ರಲ್ಲಿ ಇನ್ನೂ ಕಷ್ಟ. ಅವನಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡು ಸ್ವಂತದವರೇ ಹಿಡಿದುಕೊಂಡು ಹೋಗೋಕೆ ಬರ್ತಾರೆ. ಸ್ವಲ್ಪ ಮುಂದೆ ತಾಯಿ ಮತ್ತು ತಮ್ಮಂದಿರು ಬಂದು ಹೊರಗೆ ನಿಂತು ಹೇಳಿಕಳಿಸ್ತಾರೆ. ಮನೆ ಒಳಗೆ ಜನ ತುಂಬಿದ್ದಾರೆ, ಮನೆಯವರು ಹೊರಗೆ.

ನಿಮ್ಮಲ್ಲಿ ಕೆಲವರಿಗೆ ಇದು ಬೈಬಲ್ ಕಥೆ ಅಲ್ಲ, ಈ 61 ದಿನದ ಕಥೆ. ಮನೆಯಲ್ಲಿ ನೀವೊಬ್ಬರೇ ವಿಶ್ವಾಸಿಗಳು. ಮೊದಲು ಭಾನುವಾರ "ಫ್ರೆಂಡ್ ಮನೆಗೆ" ಅಂತ ಹೊರಟುಬಿಡ್ತಿದ್ರಿ. ಈಗ ಹೊರಡೋ ದಾರಿಯೇ ಇಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತು ಆರಾಧನೆ ನೋಡೋರು ಇದ್ದೀರಿ, ನನಗೆ ಮೆಸೇಜ್ ಮಾಡಿದ್ದೀರಿ. ಇನ್ನು ಕೆಲವರ ಮನೆಯಲ್ಲಿ ಎಲ್ಲರೂ ವಿಶ್ವಾಸಿಗಳೇ, ಆದರೂ ದಿನಕ್ಕೆ ಮೂರು ಜಗಳ. ಅಪ್ಪ ದೂರದರ್ಶನದಲ್ಲಿ ನ್ಯೂಸ್ ಹಾಕಿದ್ರೆ ಮಗಳಿಗೆ ಆಫೀಸ್ ಕಾಲ್. ಒಂದೇ ವೈಫೈ, ಒಂದೇ ಬಾತ್‌ರೂಮು. ಚರ್ಚಿನಲ್ಲಿ ನಮ್ಮನ್ನ ವಾರಕ್ಕೆ ಎರಡು ಗಂಟೆ ನೋಡ್ತಾರೆ, ಒಳ್ಳೆ ಶರ್ಟ್ ಹಾಕಿಕೊಂಡಿರೋವಾಗ ನೋಡ್ತಾರೆ. ಮನೆಯವರು ನೋಡೋದು ಬೇರೆ.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳ್ತೀನಿ. ಹೇಳೋಕೆ ಅನುಮತಿ ತಗೊಂಡಿದ್ದೀನಿ, ಆ ವ್ಯಕ್ತಿ ಈಗ ಅಡುಗೆಮನೆಯಲ್ಲಿ ಕೂತು ಕೇಳ್ತಾ ಇದ್ದಾನೆ. ನನ್ನ ತಮ್ಮ ಪಿಜಿಯಲ್ಲಿದ್ದ. ಮಾರ್ಚ್ ಕೊನೆಯಲ್ಲಿ ಪಿಜಿ ಖಾಲಿ ಮಾಡಿಸಿದ್ರು, ಒಂದು ಬ್ಯಾಗ್ ಹಿಡಿದುಕೊಂಡು ಬಂದ. ನಾವು, ಇಬ್ಬರು ಮಕ್ಕಳು, ಅಮ್ಮ, ಈಗ ಅವನು. ಇರೋದು ಒಂದು ಬೆಡ್‌ರೂಮ್, ಒಂದು ಹಾಲ್. ಅವನಿಗೆ ಚರ್ಚು ಅಂದ್ರೆ ಆಗಲ್ಲ. ಒಂಬತ್ತು ವರ್ಷದಿಂದ ನಾನು ಕರೆದಿದ್ದೀನಿ, ಒಂಬತ್ತು ವರ್ಷದಿಂದ ಅವನಿಗೆ ಪ್ರತಿ ಭಾನುವಾರ ಕ್ರಿಕೆಟ್ ಇರುತ್ತೆ. ಈಗ ಏನಾಗಿದೆ ಅಂದ್ರೆ, ಹಾಲ್‌ನಲ್ಲಿ ಅಕ್ಕಿ ಡಬ್ಬದ ಮೇಲೆ ಫೋನ್ ನಿಲ್ಲಿಸಿ ನಾನು ಪ್ರಸಂಗ ಮಾಡ್ತೀನಿ, ಅವನ ಹಾಸಿಗೆ ಇರೋದೂ ಅದೇ ಹಾಲ್‌ನಲ್ಲಿ. ಪಾಪ, ಎಲ್ಲಿಗೆ ಹೋಗ್ತಾನೆ?

ಈಸ್ಟರ್ ಆದ ಮೇಲೆ ಒಂದು ರಾತ್ರಿ ನಾನು ಅವನನ್ನ ಕೇಳಿದೆ, "ಏನೋ, ಇಷ್ಟು ವಾರ ಕೇಳಿದ್ಯಲ್ಲ, ಹೇಗನ್ಸುತ್ತೆ?" ಅವನು ಹೇಳಿದ, "ಅಣ್ಣ, ನಿನ್ನ ಪ್ರಸಂಗ ನಾನು ಕೇಳ್ತಾ ಇಲ್ಲ. ನಾನು ಅತ್ತಿಗೇನ ನೋಡ್ತಾ ಇದ್ದೀನಿ." ಅಷ್ಟೇ ಹೇಳಿ ಬೆಡ್‌ಶೀಟ್ ಎಳೆದುಕೊಂಡ.

ನನ್ನ ಹೆಂಡತಿ ಅವನಿಗೆ ಒಂದು ವಚನ ಹೇಳಿಲ್ಲ. ಏಪ್ರಿಲ್‌ನಲ್ಲಿ ಅವನ ಸಂಬಳ ಅರ್ಧ ಆಯ್ತು. ಆ ವಾರ ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕ್ತಿದ್ಲು, ಏನೂ ಕೇಳ್ತಿರಲಿಲ್ಲ. ಮಕ್ಕಳು ಅವನು ಮಲಗಿರೋವಾಗ ಗಲಾಟೆ ಮಾಡಿದ್ರೆ ಒಳಗೆ ಕರ್ಕೊಂಡು ಹೋಗ್ತಿದ್ಲು. ಮನೆ ಖರ್ಚಿಗೆ ಅಂತ ಅವನು ದುಡ್ಡು ಕೊಟ್ಟಾಗ ಬೇಡ ಅನ್ನಲಿಲ್ಲ, ತಗೊಂಡ್ಲು. ನನಗೆ ಆಶ್ಚರ್ಯ ಆಯ್ತು. ಆಮೇಲೆ ಅವಳೇ ಹೇಳಿದ್ಲು, "ಬೇಡ ಅಂದ್ರೆ ಅವರು ಇಲ್ಲಿ ಅತಿಥಿ ಆಗಿಬಿಡ್ತಾರೆ." ಬೈಬಲ್ ಕಾಲೇಜಿನಲ್ಲಿ ಸುವಾರ್ತಾಸೇವೆ ಅಂತ ಒಂದು ಪೂರ್ತಿ ವಿಷಯ ಓದಿ ಪಾಸಾದವನು ನಾನು. ಈ ಪಾಠ ಅದರಲ್ಲಿ ಇರಲಿಲ್ಲ.

ತಮ್ಮ ಇನ್ನೂ ನಂಬಿಲ್ಲ. ಸಾಕ್ಷಿ ಅಂದ್ರೆ ಕೊನೆಯಲ್ಲಿ ಎಲ್ಲ ಸರಿಹೋಗಲೇಬೇಕು ಅಂತ ನಾವು ಅಭ್ಯಾಸ ಮಾಡಿಕೊಂಡಿದ್ದೀವಿ. ಯೇಸುವಿನ ತಮ್ಮಂದಿರು ಎಷ್ಟು ವರ್ಷ ತಗೊಂಡ್ರು ಲೆಕ್ಕ ಹಾಕಿ. ಲೂಕ 3ರ ಪ್ರಕಾರ ಸೇವೆ ಶುರು ಮಾಡಿದಾಗ ಯೇಸುವಿಗೆ ಸುಮಾರು 30 ವರ್ಷ. ಪಾಪವಿಲ್ಲದ ಅಣ್ಣನ ಜೊತೆ ಅಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದರೂ ಅವರು ನಂಬಲಿಲ್ಲ! ಹಾಗಾದ್ರೆ ಎರಡು ತಿಂಗಳಲ್ಲಿ ನಿಮ್ಮ ಅಪ್ಪ ಬದಲಾಗಲಿಲ್ಲ ಅಂತ ನೀವು ಅಳೋದು ಬೇಡ. ನನ್ನ ಜೀವನ ಸರಿ ಇಲ್ಲ, ಅದಕ್ಕೇ ಅವರು ನಂಬ್ತಿಲ್ಲ ಅಂತ ಎಲ್ಲ ಭಾರ ತಲೆ ಮೇಲೆ ಹೊತ್ತುಕೊಳ್ಳೋದೂ ಬೇಡ. ಅಲ್ಲಿ ಜೀವನ ಪೂರ್ತಿ ಸರಿ ಇತ್ತು.

ಮತ್ತೆ ಬದಲಾವಣೆ ಯಾವಾಗ? 1 ಕೊರಿಂಥ 15:7 ನೋಡಿ. ಎದ್ದುಬಂದ ಕರ್ತನು ಕಾಣಿಸಿಕೊಂಡವರ ಪಟ್ಟಿಯಲ್ಲಿ ಪೌಲನು ಯಾಕೋಬನ ಹೆಸರನ್ನ ಬೇರೆಯಾಗಿ ಹೇಳ್ತಾನೆ. ಆ ಭೇಟಿಯಲ್ಲಿ ಏನು ಮಾತಾಡಿದರು ಅಂತ ಯಾವ ಸುವಾರ್ತೆಯಲ್ಲೂ ಇಲ್ಲ. ಅಣ್ಣ ತಮ್ಮಂದಿರ ಮಾತು, ಅವರಿಬ್ಬರ ನಡುವೆ ಉಳೀತು. ಆಮೇಲೆ ನೋಡಿದ್ರೆ, ಮಾರ್ಕ 3ರಲ್ಲಿ ಹೊರಗೆ ನಿಂತಿದ್ದವರು ಕೃತ್ಯಗಳು 1ರಲ್ಲಿ ಒಳಗೆ ಕೂತಿದ್ದಾರೆ. ಹಲ್ಲೆಲೂಯಾ!

ಒಳಗೆ ಬಂದ ಕೂಡಲೇ ಎಲ್ಲ ಸುಲಭ ಆಯ್ತು ಅಂದುಕೊಳ್ಳಬೇಡಿ. ಅಲ್ಲಿ ಯಾರ್ಯಾರು ಇದ್ದಾರೆ ನೋಡಿ. ಮೂರು ಸಲ ಅವನನ್ನ ಅರಿಯೆನು ಅಂದ ಪೇತ್ರ ಇದ್ದಾನೆ. ನೋಡದೆ ನಂಬಲ್ಲ ಅಂದ ತೋಮ ಇದ್ದಾನೆ. ಯೋಹಾನ ಇದ್ದಾನೆ. ಈಗ ಯೋಹಾನ 19 ನೆನಪಿಸಿಕೊಳ್ಳಿ. ಶಿಲುಬೆಯ ಮೇಲಿಂದ ಯೇಸು ತಾಯಿಯನ್ನ ಒಪ್ಪಿಸಿದ್ದು ಯಾರಿಗೆ? ಆ ಪ್ರಿಯ ಶಿಷ್ಯನಿಗೆ. ಅವನು ಯೋಹಾನ ಅಂತಲೇ ಸಭೆ ಮೊದಲಿಂದ ನಂಬಿಕೊಂಡು ಬಂದಿದೆ. ತಮ್ಮಂದಿರ ಹೆಸರು ಆ ಶಿಲುಬೆಯ ಹತ್ತಿರ ಬರೋದೇ ಇಲ್ಲ. ಅವತ್ತಿನಿಂದ ಅವನು ಅವಳನ್ನ ತನ್ನ ಮನೆಗೆ ಕರೆದುಕೊಂಡು ಹೋದ. ನಾಲ್ಕು ಗಂಡುಮಕ್ಕಳು ಇರುವಾಗ ತಾಯಿ ಹೊರಗಿನವರ ಮನೆಯಲ್ಲಿ! ನಮ್ಮ ಕಡೆ ಆಗಿದ್ರೆ ಇದಕ್ಕೆ ನೆಂಟರೆಲ್ಲ ಸೇರಿ ಪಂಚಾಯಿತಿ ಮಾಡ್ತಿದ್ರು. "ಅಮ್ಮ ಯಾರ ಮನೇಲಿರಬೇಕು" ಅನ್ನೋ ಪ್ರಶ್ನೆಗೆ ಎಷ್ಟು ಮನೆ ಒಡೆದಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗ ಯೋಹಾನ, ಆ ತಮ್ಮಂದಿರು, ನಡುವೆ ಆ ತಾಯಿ, ಎಲ್ಲರೂ ಒಂದೇ ಮೇಲಂತಸ್ತಿನಲ್ಲಿ. ಹತ್ತು ದಿನ.

ಅವರು ಏನು ಮಾತಾಡಿಕೊಂಡರು ಅಂತ ಲೂಕನು ಬರೆದಿಲ್ಲ. ಒಂದೇ ಮನಸ್ಸಿನಿಂದ ಪ್ರಾರ್ಥನೆ ಮಾಡ್ತಿದ್ದರು ಅಂತ ಬರೆದಿದ್ದಾನೆ. ಈ ಒಂದೇ ಮನಸ್ಸು ಅನ್ನೋದು ಆಕಾಶದಿಂದ ಬಿದ್ದಿರಲಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಪವಿತ್ರಾತ್ಮ ಇನ್ನೂ ಸುರಿಸಲ್ಪಟ್ಟಿರಲಿಲ್ಲ. ಅಷ್ಟು ಹೊತ್ತಿಗೇ ಅವರು ಒಂದೇ ಮನಸ್ಸಿನವರಾಗಿದ್ದರು. ಯಾರೋ ಯಾರಿಗೋ ಜಾಗ ಬಿಟ್ಟುಕೊಟ್ಟಿರಬೇಕು. ಪೇತ್ರನ ಆ ಕೋಳಿ ಕೂಗಿದ ರಾತ್ರಿಯನ್ನ ಯಾರೋ ಎತ್ತದೆ ಬಿಟ್ಟಿರಬೇಕು. ಸುಮಾರು 120 ಜನ ಸೇರಿದ್ದ ಗುಂಪಿಗೆ ಯಾರೋ ಅಡುಗೆ ಮಾಡಿರಬೇಕು, ಪಾತ್ರೆ ತೊಳೆದಿರಬೇಕು.

ಆಮೇಲೆ 2ನೇ ಅಧ್ಯಾಯದಲ್ಲಿ ಗಾಳಿಯಂಥ ಶಬ್ದ ಬಂದು ಎಲ್ಲಿ ತುಂಬಿಕೊಂಡಿತು? ಅವರು ಕೂತಿದ್ದ ಮನೆಯಲ್ಲಿ. ಅದು ದೇವಾಲಯದ ಒಂದು ಭಾಗ ಇರಬಹುದು ಅನ್ನೋ ಪಂಡಿತರೂ ಇದ್ದಾರೆ. ಇರಲಿ. ಲೂಕನು ಮನೆ ಅಂತ ಬರೆದಿದ್ದಾನೆ, ನಾನು ಮನೆ ಅಂತಲೇ ಓದ್ತೀನಿ. ಚರ್ಚ್ ಬಾಗಿಲು ತೆಗೆದ ಮೇಲೆ ಅಭಿಷೇಕ ಸಿಗುತ್ತೆ, ಅಲ್ಲಿ ತನಕ ಬರೀ ನೆಟ್‌ಫ್ಲಿಕ್ಸ್ ಅಂದುಕೊಂಡಿರೋ ನನ್ನ ತಮ್ಮ ತಂಗಿಯರೇ, ಕೇಳಿಸ್ತಾ ಇದೆಯಾ?

ಆ ಯಾಕೋಬ ಮುಂದೆ ಯೆರೂಸಲೇಮ್ ಸಭೆಯ ನಾಯಕನಾದ. ಕ್ರಿ.ಶ. 62ರಲ್ಲಿ ಮಹಾಯಾಜಕನು ಅವನನ್ನ ಕಲ್ಲೆಸೆದು ಕೊಲ್ಲಲು ಒಪ್ಪಿಸಿದ್ದನ್ನ ಯೆಹೂದಿ ಇತಿಹಾಸಕಾರ ಯೋಸೇಫಸ್ ದಾಖಲಿಸಿದ್ದಾನೆ. ಅವನ ಪತ್ರಿಕೆಯ ಮೊದಲ ವಚನ ನೋಡಿ. ನಾನು ಯೇಸುವಿನ ತಮ್ಮ ಅಂತ ಎಲ್ಲೂ ಹೇಳಿಕೊಳ್ಳಲ್ಲ, ದಾಸ ಅಂತಾನೆ. ಯೂದನೂ ಹಾಗೇ, ಯಾಕೋಬನ ತಮ್ಮ ಅಂತಾನೆ, ಯೇಸುವಿಗೆ ದಾಸ ಅಂತಾನೆ. ಒಂದೇ ಚಾಪೆ ಮೇಲೆ ಮಲಗಿ ಬೆಳೆದವರು ಅಣ್ಣನನ್ನ ಕರ್ತನು ಅಂತ ಕರೆಯಬೇಕಾದ್ರೆ ಸುಮ್ಮನೆ ಅಲ್ಲ.

ಇನ್ನೊಂದು ವಿಷಯ ಹೇಳದೆ ಹೋದ್ರೆ ತಪ್ಪಾಗುತ್ತೆ. ಮನೆಯಲ್ಲಿ ತಾಳ್ಮೆಯಿಂದಿರಿ ಅಂತ ನಾನು ಹೇಳಿದ್ದನ್ನ ಕೇಳಿ, ಹೊಡೆತ ತಿಂತಾ ಸುಮ್ಮನಿರೋ ಯಾರಾದರೂ "ಇದೇ ನನ್ನ ಶಿಲುಬೆ" ಅಂದುಕೊಳ್ಳಬಾರದು. ಲಾಕ್‌ಡೌನ್ ಶುರುವಾದ ಮೇಲೆ ಇಂಥ ದೂರುಗಳು ಹೆಚ್ಚಾಗಿವೆ ಅಂತ ರಾಷ್ಟ್ರೀಯ ಮಹಿಳಾ ಆಯೋಗವೇ ಹೇಳಿದೆ. ಅದು ಶಿಲುಬೆ ಅಲ್ಲ, ಅಪರಾಧ. ಹೆಂಗಸರು 1091ಕ್ಕೆ, ಮಕ್ಕಳ ವಿಷಯ ಆದ್ರೆ 1098ಕ್ಕೆ ಫೋನ್ ಮಾಡಿ. ನಮ್ಮ ಸಹೋದರಿಯರ ಗುಂಪಿಗೂ ಹೇಳಿ, ಗುಟ್ಟಾಗಿ ಇರುತ್ತೆ.

ಪಿಜಿ ರೂಮಿನಲ್ಲಿ ಒಬ್ಬರೇ ಸಿಕ್ಕಿಕೊಂಡಿರೋರು ಕೂಡ ಇದ್ದೀರಿ. ಮನೆ ಅಂತ ನಾನು ಅರ್ಧ ಗಂಟೆ ಮಾತಾಡಿದ್ದು ನಿಮಗೆ ಭಾರ ಆಗಿರಬಹುದು. ಆ ಮೇಲಂತಸ್ತಿನಲ್ಲಿ ಗಲಿಲಾಯದಿಂದ ಬಂದವರಿಗೂ ಅದು ಸ್ವಂತ ಮನೆ ಅಲ್ಲ. ನಿಮ್ಮ ಏರಿಯಾದಲ್ಲಿ ಯಾರಿದ್ದಾರೆ ಅಂತ ಗ್ರೂಪಿನಲ್ಲಿ ಹಾಕಿ, ಊಟ ಕಳಿಸೋದಕ್ಕೆ ನಾಲ್ಕು ಕುಟುಂಬಗಳು ಒಪ್ಪಿಕೊಂಡಿವೆ. ನಾಚಿಕೆ ಪಡಬೇಡಿ, ನನ್ನ ತಮ್ಮನೂ ಪಡಲಿಲ್ಲ.

ಈಗ ಪ್ರಾರ್ಥನೆ ಮಾಡೋಣ. ಎದ್ದು ನಿಲ್ಲಿ ಅಂತ ಹೇಳಲ್ಲ. ಪಕ್ಕದಲ್ಲಿ ಯಾರಾದರೂ ಮಲಗಿದ್ರೆ ಗಟ್ಟಿಯಾಗಿ ಪ್ರಾರ್ಥಿಸೋದು ಬೇಡ, ಅವರ ನಿದ್ದೆ ಕೆಡಿಸಬೇಡಿ. ಲೂಕನು ಅಲ್ಲಿದ್ದವರ ಹೆಸರು ಒಂದೊಂದಾಗಿ ಬರೆದ ಹಾಗೆ, ಇವತ್ತು ನಿಮ್ಮ ಸೂರಿನ ಕೆಳಗೆ ಯಾರ್ಯಾರು ಇದ್ದಾರೋ ಅವರ ಹೆಸರು ಒಂದೊಂದಾಗಿ ಕರ್ತನ ಮುಂದೆ ಹೇಳಿ. ಸಿಟ್ಟಿರೋರ ಹೆಸರು ಮೊದಲು. ನಾನು ಎರಡು ನಿಮಿಷ ಸುಮ್ಮನಿರ್ತೀನಿ, ನೆಟ್‌ವರ್ಕ್ ಹೋಯ್ತು ಅಂದುಕೊಂಡು ಕಟ್ ಮಾಡಬೇಡಿ.