ನಳಪಾಕವೂ ನಿತ್ಯದ ಒಲೆಯೂ

‘ಅಡುಗೆಯೂ ಒಂದು ಕಲೆ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಉಂಡು ಕೈತೊಳೆದ ಮೇಲೆ ಹೇಳುತ್ತೇವೆ. ಹೇಳುವುದು ಸುಲಭ. ಆದರೆ ಅದು ನಿಜವಾದರೆ, ಕಲಾವಿದರಿಗೆ ಸಲ್ಲುವ ಗೌರವ ಒಲೆಯ ಮುಂದೆ ಕೂತವಳಿಗೆ ಏಕೆ ಸಲ್ಲುವುದಿಲ್ಲ?

ಕೌಶಲದ ಕೊರತೆಯಿಂದಂತೂ ಅಲ್ಲ. ಸಿರುಗುಪ್ಪ ಸೀಮೆ ಇಂದು ಭತ್ತಕ್ಕೆ ಹೆಸರಾಗಿದ್ದರೂ, ಹಚ್ಚೊಳ್ಳಿಯಂಥ ಊರುಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ ನೆನಪಾಗುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಒಗ್ಗೂಡುತ್ತದೆ. ನೀರು ಹೆಚ್ಚಾದರೆ ಕೈಗೆ ಮೆತ್ತುತ್ತದೆ, ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುತ್ತಿದ್ದಂತೆ ಮಗುಚಬೇಕು. ಇದಕ್ಕೆ ಅಳತೆಯ ಲೋಟವಿಲ್ಲ, ಗಡಿಯಾರವಿಲ್ಲ. ಗಾಯಕನಿಗೆ ಶ್ರುತಿ ಕಿವಿಯಲ್ಲಿರುವಂತೆ ಇವಳಿಗೆ ಹದ ಬೆರಳಲ್ಲಿರುತ್ತದೆ.

ನಮ್ಮ ಕಾವ್ಯಮೀಮಾಂಸೆಯೂ ಅಡುಗೆಮನೆಗೆ ಸಾಲಗಾರ. ರಸವೆಂದರೇನು ಎಂದು ವಿವರಿಸಲು ನಾಟ್ಯಶಾಸ್ತ್ರ ಹಿಡಿದ ಹೋಲಿಕೆ ಊಟದ್ದು: ಹಲವು ವ್ಯಂಜನ ಕೂಡಿದ ಅನ್ನವನ್ನು ಉಣ್ಣುವವರು ಸವಿಯುವಂತೆ ಪ್ರೇಕ್ಷಕರು ಭಾವವನ್ನು ಸವಿಯುತ್ತಾರೆ. ಕನ್ನಡದಲ್ಲಿ 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಚಾರವಿದೆ. 16ನೇ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಕಥೆ ಹೇಳುವ ಛಂದಸ್ಸು ಹಿಟ್ಟು, ತುಪ್ಪ, ಬದನೆಕಾಯಿಗೂ ಒಗ್ಗಿತು.

ಅಡುಗೆ ಅರೆಗಳಿಗೆಯಲ್ಲಿ ಕರಗುತ್ತದೆ, ಕಲೆ ಉಳಿಯುತ್ತದೆ ಎನ್ನುವವರಿದ್ದಾರೆ. ಬಳ್ಳಾರಿ ಜಿಲ್ಲೆಯಲ್ಲಿ ನಿಂತು ಈ ಮಾತು ಹೇಳುವುದು ಕಷ್ಟ. ರಾತ್ರಿಯಿಡೀ ನಡೆದ ಬಯಲಾಟ ಬೆಳಕು ಹರಿಯುವ ಹೊತ್ತಿಗೆ ಮುಗಿದಿರುತ್ತದೆ. 1946ರಲ್ಲಿ ತೀರಿಕೊಂಡ ಬಳ್ಳಾರಿ ರಾಘವರ ರಂಗದ ಮೇಲಿನ ನಿಲುವು, ದನಿ ಇವತ್ತಿನವರಿಗೆ ಸಿಗುವುದಿಲ್ಲ. ಅದೂ ಉಂಡು ಮುಗಿದ ಊಟವೇ. ಆದರೂ ನಗರದ ಕಲಾಮಂದಿರಕ್ಕೆ ಅವರ ಹೆಸರಿದೆ. ಅಭಿನಯ ಕರಗಿತು, ಹೆಸರು ಉಳಿಯಿತು. ರೊಟ್ಟಿಯ ವಿಷಯದಲ್ಲಿ ಎರಡೂ ಕರಗುತ್ತವೆ.

ಅಡುಗೆಯಲ್ಲಿ ಹೆಸರು ಉಳಿಸಿಕೊಂಡವರು ಯಾರು? ನಳ ಮತ್ತು ಭೀಮ. ಒಬ್ಬ ರಾಜ್ಯ ಕಳೆದುಕೊಂಡು ಬಾಹುಕನಾದ ದೊರೆ, ಇನ್ನೊಬ್ಬ ವಿರಾಟನ ಮನೆಯಲ್ಲಿ ಒಂದು ವರ್ಷ ತಲೆಮರೆಸಿಕೊಂಡ ರಾಜಕುಮಾರ. ಇಬ್ಬರಿಗೂ ಸೌಟು ಒಂದು ವೇಷ. ಕಾಲ ಕೂಡಿಬಂದಾಗ ಅದನ್ನು ಕೆಳಗಿಟ್ಟು ಎದ್ದುಹೋದರು. ಎದ್ದುಹೋಗಲಾರದೆ ಜೀವಮಾನವಿಡೀ ಬೇಯಿಸಿದವರ ಹೆಸರಿನಲ್ಲಿ ನಮ್ಮಲ್ಲಿ ಒಂದು ಪಾಕವೂ ಇಲ್ಲ.

ವ್ಯತ್ಯಾಸ ಇಲ್ಲಿದೆ ಎಂದು ನನಗೆ ತೋರುತ್ತದೆ. ಕವಿ ‘ಇವತ್ತು ಬರೆಯಲಾಗಲಿಲ್ಲ’ ಎಂದರೆ ಅದನ್ನು ಸ್ಫೂರ್ತಿಯ ಕೊರತೆ ಎಂದು ಗೌರವದಿಂದ ಕೇಳುತ್ತೇವೆ. ಒಲೆಯ ಮುಂದಿನವಳು ‘ಇವತ್ತು ಮನಸ್ಸಿಲ್ಲ’ ಎಂದರೆ ಮನೆ ಅಲ್ಲಾಡುತ್ತದೆ. ಬೇಡವೆನ್ನುವ ಹಕ್ಕಿಲ್ಲದ ಕೆಲಸವನ್ನು ಕಲೆ ಎಂದು ಕರೆಯುವಾಗ, ಹೊಗಳಿಕೆಯ ಅಡಿಯಲ್ಲಿ ಆ ಬಲವಂತವನ್ನು ನಾವು ಮುಚ್ಚಿಡುತ್ತಿರುತ್ತೇವೆ. ‘ಅವಳ ಕೈರುಚಿ ಯಾರಿಗೂ ಬರುವುದಿಲ್ಲ’ ಎಂಬ ಮಾತು ಎಷ್ಟೋ ಸಲ ಅವಳನ್ನು ಅಲ್ಲಿಂದ ಏಳಗೊಡದ ಮಾತೂ ಹೌದು.

ಹಾಗಾದರೆ ಬಲವಂತದಲ್ಲಿ ಕಲೆಯೇ ಇಲ್ಲವೇ? ಇದೆ, ಅದೇ ಸೋಜಿಗ. ಹಸಿವು ತೀರಲು ರೊಟ್ಟಿ ದುಂಡಗಿರಬೇಕಿಲ್ಲ, ಅಂಚು ತೆಳ್ಳಗಿರಬೇಕಿಲ್ಲ. ದಣಿದ ಕೈ ಇಪ್ಪತ್ತನೆಯ ರೊಟ್ಟಿಯನ್ನೂ ಮೊದಲನೆಯದರ ಹಾಗೆ ತಿರುಗಿಸಿ ತಿರುಗಿಸಿ ಬಡಿಯುತ್ತದೆಯಲ್ಲ, ಯಾರೂ ಕೇಳದ ಆ ಹೆಚ್ಚಿನ ನಿಗಾದಲ್ಲಿ ಕಲೆಯಿದೆ. ಅದನ್ನು ಅವಳಿಂದ ಯಾರೂ ಬೇಡಿ ಪಡೆದದ್ದಲ್ಲ.

ಅದಕ್ಕೆ ನಾವು ಕೊಡಬಹುದಾದ ಗೌರವ ಮಾತಿನದಾದರೆ ಸಾಲದು. ಅಡುಗೆಯನ್ನು ಕಲೆ ಎನ್ನುವವರು ಹಿಟ್ಟು ನಾದುವುದನ್ನೂ ಕಲಿಯಬೇಕು. ಬಡಿದವಳು ಬಿಸಿ ಇರುವಾಗಲೇ ಒಂದು ರೊಟ್ಟಿ ಉಣ್ಣಲಿ.