ಗುರುತಿಲ್ಲದ ಕಡಲು

2025ರ ಜನವರಿಯ ಒಂದು ರಾತ್ರಿ. ಊಟ ಮುಗಿದಿತ್ತು, ತಟ್ಟೆ ಎತ್ತಿರಲಿಲ್ಲ. ಮಗಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ಅಮ್ಮ, ಬಾಲಿಯಾ, ವೆಲಿಗಮವಾ? ನೀನೇ ಹೇಳು” ಅಂದಳು. ಬಾಲಿ ಇಂಡೋನೇಷ್ಯಾದ ದ್ವೀಪ ಅಂತ ಗೊತ್ತಿತ್ತು. ವೆಲಿಗಮ ಶ್ರೀಲಂಕಾದ ದಕ್ಷಿಣ ತೀರದ ಊರು ಅನ್ನುವುದನ್ನು ಅವಳೇ ಹೇಳಬೇಕಾಯಿತು. ಎರಡೂ ಕಡೆ ಸರ್ಫಿಂಗ್ ಕ್ಯಾಂಪ್ ಅಂತೆ. ಐದಾರು ದಿನ ಕಡಲ ಪಕ್ಕದಲ್ಲೇ ಉಳಿದು, ಬೆಳಿಗ್ಗೆ ಸಂಜೆ ಹಲಗೆ ಹಿಡಿದು ನೀರಿಗಿಳಿದು, ತೆರೆಯ ಮೇಲೆ ಎದ್ದು ನಿಲ್ಲುವುದನ್ನು ಕಲಿಯುವ ರಜೆ. ನಾನು ಕೇಳಿದ್ದು ಒಂದೇ ಪ್ರಶ್ನೆ: “ಯಾವ ತಾರೀಕು?” ಹೇಳಿದಳು. ಫೆಬ್ರವರಿಯ ಅದೇ ವಾರ ಮುಲ್ಕಿಯ ಹತ್ತಿರದ ನಮ್ಮ ಕುಟುಂಬದ ಮನೆಯಲ್ಲಿ ನೇಮ. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ನನ್ನ ಮುಖ ನೋಡದೆ ಪರದೆಯನ್ನೇ ನೋಡುತ್ತಿದ್ದಳು.

ಊರಲ್ಲೇ ಇರುವ ನಿಮಗೆ ಇದು ಇಷ್ಟು ದೊಡ್ಡ ಸಂಗತಿಯೇ ಅನ್ನಿಸೀತು. ನಮಗೆ ದೊಡ್ಡದೇ. ಹೊರಗೆ ಬದುಕುವವರ ಮನೆಯಲ್ಲಿ ರಜೆ ಅನ್ನುವುದು ಕೈಗೆ ಬರುವ ಮೊದಲೇ ಖರ್ಚಾಗಿರುವ ದುಡ್ಡು. ಮದುವೆಗೆ ಇಷ್ಟು, ತಿಥಿಗೆ ಇಷ್ಟು, ನೇಮಕ್ಕೆ ಇಷ್ಟು, ಅಮ್ಮನ ಕಣ್ಣಿನ ಆಪರೇಷನ್ನಿಗೆ ಇಷ್ಟು. ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1989ರಲ್ಲಿ. ಆಗ ಕೊಂಕಣ ರೈಲು ಇರಲಿಲ್ಲ, ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಬಡಿಸಿಕೊಂಡೇ ಊರು ಮುಟ್ಟಬೇಕು. 1998ರಲ್ಲಿ ಮತ್ಸ್ಯಗಂಧಾ ಓಡಲು ಶುರುವಾದ ಮೇಲೆ ದಾರಿ ಸಲೀಸಾಯಿತು. ಲೆಕ್ಕ ಮಾತ್ರ ಹಾಗೇ ಉಳಿಯಿತು. ಮೂವತ್ತೈದು ವರ್ಷದಲ್ಲಿ ನಾನು ‘ರಜೆಗೆ ಎಲ್ಲಿಗೆ ಹೋಗುವುದು’ ಅಂತ ಯೋಚಿಸಿದ್ದೇ ಇಲ್ಲ. ರಜೆ ಅಂದರೆ ಊರು. ‘ಎಲ್ಲಿಗೆ’ ಅನ್ನುವ ಪ್ರಶ್ನೆಯೇ ನನಗೆ ಹೊಸದು.

ಮಗಳು ಆರಿಸುವುದನ್ನು ಅಸಡ್ಡೆಯಿಂದ ಮಾಡುವವಳಲ್ಲ. ಫೆಬ್ರವರಿಯಲ್ಲಿ ಬಾಲಿಯಲ್ಲಿ ಮಳೆಗಾಲ. ಶ್ರೀಲಂಕಾದ ದಕ್ಷಿಣ ತೀರದಲ್ಲಿ ಮಾತ್ರ ಸರ್ಫಿಂಗಿಗೆ ನವೆಂಬರಿನಿಂದ ಏಪ್ರಿಲ್ಲಿನವರೆಗೆ ಒಳ್ಳೆಯ ಕಾಲ. ಬಾಲಿಯ ಹೆಸರುವಾಸಿ ತೆರೆಗಳಲ್ಲಿ ಹಲವು ಹವಳದ ದಿಬ್ಬದ ಮೇಲೆ ಒಡೆಯುತ್ತವೆ, ಬಿದ್ದರೆ ಮೈ ತರಚುತ್ತದೆ. ವೆಲಿಗಮ ಕೊಲ್ಲಿಯ ತಳ ಮರಳು. ಹೆಸರೇ ಹೇಳುತ್ತದಂತೆ, ಸಿಂಹಳದಲ್ಲಿ ‘ವೆಲಿ’ ಅಂದರೆ ಮರಳು, ‘ಗಮ’ ಅಂದರೆ ಗ್ರಾಮ. ಹೊಸಬರಿಗೆ ಮೆತ್ತನೆಯ ಮೇಲ್ಮೈಯ ಉದ್ದ ಹಲಗೆ ಕೊಡುತ್ತಾರಾ, ಒಬ್ಬ ಕಲಿಸುವವನಿಗೆ ಎಷ್ಟು ಜನ ಕಲಿಯುವವರು, ಎಲ್ಲ ಕಾಗದದಲ್ಲಿ ಬರೆದಿಟ್ಟಿದ್ದಳು.

ಜೊತೆಗೆ ಇನ್ನೊಂದು ವಿಷಯ ಹೇಳಿದಳು, ಅದು ನನ್ನ ತಲೆಯಲ್ಲಿ ಉಳಿಯಿತು. ಈ ತೆರೆಗಳು ತೀರದಲ್ಲಿ ಹುಟ್ಟುವುದಲ್ಲವಂತೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ನಾವ್ಯಾರೂ ಕಾಣದ ಕಡೆ, ಬಿರುಗಾಳಿ ನೀರನ್ನು ಎಬ್ಬಿಸುತ್ತದೆ. ಆ ಉಬ್ಬು ದಿನಗಟ್ಟಲೆ, ಸಾವಿರಾರು ಕಿಲೋಮೀಟರ್ ಸಾಗಿ ಬಾಲಿಗೂ ಮುಟ್ಟುತ್ತದೆ, ಲಂಕೆಗೂ ಮುಟ್ಟುತ್ತದೆ, ನಮ್ಮ ಪಶ್ಚಿಮ ಕರಾವಳಿಗೂ ಮುಟ್ಟುತ್ತದೆ. ಕೇರಳದ ಮೀನುಗಾರರು ಗಾಳಿಯೇ ಇಲ್ಲದ ದಿನ ಹೇಳದೆ ಕೇಳದೆ ನುಗ್ಗುವ ಇಂಥ ಕಡಲಿಗೆ ‘ಕಳ್ಳಕ್ಕಡಲ್’ ಅಂತ ಹೆಸರಿಟ್ಟಿದ್ದಾರೆ. ಕಳ್ಳ ಕಡಲು!

ಸರಿ, ಅದೇ ನೀರು ಅಂದಮೇಲೆ ನನಗೆ ಮಾತು ಸಿಕ್ಕಿತು. “ಅಲ್ಲ ಮಾರಾಯ್ತಿ, ಅದೇ ತೆರೆ ಮುಲ್ಕಿಯಲ್ಲೂ ಉಂಟಲ್ಲ? ನೇಮಕ್ಕೂ ಆಯ್ತು, ಹಲಗೆಗೂ ಆಯ್ತು.”

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಭಾರತದ ಮೊದಲ ಸರ್ಫಿಂಗ್ ಕ್ಲಬ್ ಅಂತ ಹೆಸರಾದದ್ದು ಗೋವಾದಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ, ನಮ್ಮ ಮುಲ್ಕಿಯಲ್ಲಿ. ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ಸನ್ಯಾಸಿ, ಜನ ‘ಸರ್ಫಿಂಗ್ ಸ್ವಾಮಿ’ ಅಂತಲೇ ಕರೆದ ಮನುಷ್ಯ, 2004ರಲ್ಲಿ ತಮ್ಮ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ದೇಶಮಟ್ಟದ ಸ್ಪರ್ಧೆ ನಡೆಯಿತು. ಇನ್ನೂ ತಮಾಷೆ ಕೇಳಿ. ಮಣಿಪಾಲಕ್ಕೆ ಓದಲು ಬಂದ ಮುಂಬಯಿಯ ಹುಡುಗಿ ಇಶಿತಾ ಮಾಳವೀಯ ನಮ್ಮ ಕರಾವಳಿಯಲ್ಲೇ ಸರ್ಫಿಂಗ್ ಕಲಿತಳು. 2007ರಲ್ಲಿ ಗೆಳೆಯನ ಜೊತೆ ಶಾಕಾ ಸರ್ಫ್ ಕ್ಲಬ್ ಕಟ್ಟಿ ಕೋಡಿ ಬೆಂಗ್ರೆಯಲ್ಲಿ ನೆಲೆ ಮಾಡಿಕೊಂಡಳು. ಮುಂಬಯಿಯವಳು ನಮ್ಮ ಊರಿನ ನೀರಿಗೆ ಬಂದಳು, ನಮ್ಮ ಊರಿನವಳು ಮುಂಬಯಿಯಿಂದ ಲಂಕೆಯ ನೀರಿಗೆ ಹೊರಟಿದ್ದಾಳೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇರುವುದು ಸುಮ್ಮನೆಯಾ? ಗೆದ್ದೆ ಅಂದುಕೊಂಡು ತಟ್ಟೆ ಎತ್ತಿದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಲ್ಲಿ ನಾನು ನೀರಿಗಿಳಿದರೆ ದಡದಲ್ಲಿ ಯಾರು ಯಾರು ನಿಂತಿರುತ್ತಾರೆ ಅಂತ ನೀನೇ ಲೆಕ್ಕ ಹಾಕಮ್ಮ” ಅಂದಳು.

ಲೆಕ್ಕ ಹಾಕಿದೆ. ದೊಡ್ಡಮ್ಮನ ಮಗ. ಪಂಚಾಯತಿನಲ್ಲಿರುವ ಭಾವ. ಅಂಗಡಿಯಲ್ಲಿ ಕೂತಿದ್ದೇ ಊರ ಸುದ್ದಿಯೆಲ್ಲ ಹಂಚುವ ನಮ್ಮ ನೆರೆಮನೆಯವರು. ‘ಇದು ಬೊಂಬಾಯಿಯ ಅವಳ ಮಗಳಲ್ವಾ, ಇನ್ನೂ ಮದುವೆ ಆಗ್ಲಿಲ್ಲವಾ, ಎಂತ ಬಟ್ಟೆ ಅದು?’ ಕೆಟ್ಟವರಲ್ಲ ಯಾರೂ. ಹುಷಾರಿಲ್ಲ ಅಂದರೆ ಮಧ್ಯರಾತ್ರಿ ರಿಕ್ಷಾ ತರುವವರೂ ಅವರೇ. ಆದರೆ ಹಲಗೆಯಿಂದ ನೂರು ಸಲ ಬೀಳದೆ ತೆರೆಯ ಮೇಲೆ ನಿಲ್ಲಲು ಬರುವುದಿಲ್ಲ. ಗುರುತಿನವರ ಎದುರು ನೂರು ಸಲ ಬೀಳುವುದು ಯಾರಿಗೂ ಕಷ್ಟ. ಗುರುತಿಲ್ಲದ ಕಡೆ ಬಿದ್ದರೆ ಬಿದ್ದೆ ಅಷ್ಟೆ. ಅದಕ್ಕೆ ಕಥೆ ಅಂಟುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಕೇಳಿದ್ದು ನನಗೆ ಹೊಸದೇ? ನಾವೆಲ್ಲ ಮುಂಬಯಿಗೆ ಬಂದದ್ದು ಹೊಟ್ಟೆಪಾಡಿಗೆ ಅನ್ನುತ್ತೇವೆ. ಅದು ಅರ್ಧ ನಿಜ. ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹುಡುಗರನ್ನು ಕೇಳಿ ನೋಡಿ. ಇಲ್ಲಿ ಅವರನ್ನು ಯಾರ ಮಗ, ಯಾರ ಒಕ್ಕಲು ಅಂತ ಯಾರೂ ಕೇಳಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬಂದ ಹೊಸದರಲ್ಲಿ ಒಂದು ಸಂಜೆ ಪವಾಯಿ ಕೆರೆಯ ದಂಡೆಯಲ್ಲಿ ಒಬ್ಬಳೇ ಕೂತು ಸುಟ್ಟ ಜೋಳ ತಿಂದೆ. ಅಷ್ಟೇ. ಊರಿನಲ್ಲಿ ಹೆಣ್ಣೊಬ್ಬಳು ಹಾಗೆ ರಸ್ತೆ ಬದಿ ಒಬ್ಬಳೇ ಕೂತು ತಿನ್ನುವುದು ಅಂದರೇನು! ಆ ಜೋಳದ ರುಚಿ ಇವತ್ತಿಗೂ ನಾಲಿಗೆಯಲ್ಲಿದೆ. ಮುಂಬಯಿ ನನಗೆ ಕೊಟ್ಟ ಮೊದಲ ಉಡುಗೊರೆ ಅದು, ಗುರುತಿಲ್ಲದಿರುವುದು. ಅದನ್ನು ನಾನು ಉಂಡು, ಮಗಳಿಗೆ ಮಾತ್ರ ‘ಊರು ಅಂತ ಒಂದಿದೆ’ ಅನ್ನುವುದು ಯಾವ ನ್ಯಾಯ?

ಹಾಗಂತ ಅವಳ ಕಡೆಯ ವಾದವೂ ಪೂರ್ತಿ ಸರಿ ಅನ್ನಿಸಲಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತಾ ಕೇಳಿದೆ: “ಆ ವೆಲಿಗಮ ಯಾರದ್ದಾದರೂ ಮುಲ್ಕಿಯೇ ಅಲ್ಲವಾ?” ಅಲ್ಲಿಯೂ ಬೆಳಗಿನ ಜಾವ ದೋಣಿ ಇಳಿಸುವವರಿದ್ದಾರೆ, ದಡದಲ್ಲಿ ಕಾಯುವ ಹೆಂಗಸರಿದ್ದಾರೆ. ಆ ತೀರದಲ್ಲಿ ಗೂಟ ನೆಟ್ಟು ಅದರ ಮೇಲೆ ಕೂತು ಗಾಳ ಹಾಕುವ ಬೆಸ್ತರ ಚಿತ್ರ ನೀವೂ ನೋಡಿರಬಹುದು. ಈಗ ಅವರಲ್ಲಿ ಹೆಚ್ಚಿನವರು ಕೂರುವುದು ಮೀನಿಗಲ್ಲ, ಫೋಟೋ ತೆಗೆಯುವವರು ಕೊಡುವ ಕಾಸಿಗೆ. ಯಾರಿಗೂ ಗುರುತಿಲ್ಲದ ಕಡಲು ಅಂತ ಲೋಕದಲ್ಲಿ ಇಲ್ಲ. ನಾವು ಹಾಗೆ ಕರೆಯುವುದು ನಮ್ಮ ಗುರುತಿನವರು ಇಲ್ಲದ ಕಡಲನ್ನು. ನಮ್ಮ ಬಿಡುಗಡೆ ನಡೆಯುವುದು ಇನ್ನೊಬ್ಬರ ಅಂಗಳದಲ್ಲಿ. ತಪ್ಪು ಅಂತಲ್ಲ, ಆ ಅಂಗಳಕ್ಕೆ ಕಾಲಿಡುವಾಗ ನೆನಪಿರಬೇಕು ಅಷ್ಟೆ. ಮಗಳು ತಲೆಯಾಡಿಸಿದಳು. “ಅದನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ. ಆದರೆ ನೀನು ಮುಂಬಯಿಗೆ ಬಂದದ್ದೂ ಇನ್ನೊಬ್ಬರ ಅಂಗಳಕ್ಕೇ” ಅಂದಳು. ನಾನು ಚಹಾದ ಲೋಟ ತೊಳೆಯಲು ಎದ್ದೆ.

ಅವಳು ವೆಲಿಗಮಕ್ಕೆ ಹೋದಳು. ನಾನೂ ಯಜಮಾನರೂ ನೇಮಕ್ಕೆ ಹೋದೆವು. ಎಂಬತ್ತೆರಡರ ಅಮ್ಮನಿಗೆ ನಿಜ ಹೇಳಲು ಧೈರ್ಯ ಬರಲಿಲ್ಲ, ‘ಆಫೀಸಿನಲ್ಲಿ ರಜೆ ಸಿಗಲಿಲ್ಲ’ ಅಂದೆ. ಆ ಸುಳ್ಳು ಎರಡು ದಿನ ಬದುಕಿತು. ಮೂರನೆಯ ದಿನ ಮಗಳೇ ಅಜ್ಜಿಯ ಫೋನಿಗೆ ತನ್ನ ವಿಡಿಯೋ ಕಳಿಸಿದಳು. ಹಲಗೆಯ ಮೇಲೆ ಏಳುತ್ತಾಳೆ, ಬೀಳುತ್ತಾಳೆ, ಮತ್ತೆ ಏಳುತ್ತಾಳೆ, ಎರಡು ಗಳಿಗೆ ನಿಲ್ಲುತ್ತಾಳೆ, ಬೀಳುತ್ತಾಳೆ. ಅಮ್ಮ ಕನ್ನಡಕ ಏರಿಸಿ ಅದನ್ನು ನಾಲ್ಕು ಸಲ ನೋಡಿದರು. ಬಯ್ಯಬಹುದು ಅಂತ ಕಾದೆ. ಅಮ್ಮ ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಅಲ್ಲಿ ಎಷ್ಟು ಆಳ ಉಂಟು?”

“ಎದೆಮಟ್ಟ ಇರಬಹುದು.”

“ನಾನು ಮೊಣಕಾಲಿನ ಮೇಲೆ ಹೋದವಳೇ ಅಲ್ಲ” ಅಂದರು ಅಮ್ಮ.

ಕಡಲಿನಿಂದ ಕೂಗಳತೆಯಲ್ಲಿ ಹುಟ್ಟಿ, ಕೂಗಳತೆಯಲ್ಲೇ ಮದುವೆಯಾಗಿ, ದಿನಾ ಕಡಲಿನ ಸದ್ದಿಗೇ ಮಲಗುವ ಅಮ್ಮ! ಅಮಾವಾಸ್ಯೆಯ ಸಮುದ್ರ ಸ್ನಾನವೂ ಮೊಣಕಾಲಿನವರೆಗೆ, ಉಳಿದದ್ದು ಚೆಂಬಿನಲ್ಲಿ. ಯಾಕಮ್ಮ ಹೋಗಲಿಲ್ಲ, ಹೆದರಿಕೆಯಾ ಅಂತ ಕೇಳಿದೆ. “ಹೆದರಿಕೆ ಎಂತದ್ದು? ಸೀರೆ ಒದ್ದೆಯಾದರೆ ನೋಡುವವರು ಎಂತ ಹೇಳಿಯಾರು?” ‘ಊರಿಗೆ ಬಂದವಳು ನೀರಿಗೆ ಬಾರಳೇ’ ಅನ್ನುವ ಗಾದೆ ಎಷ್ಟು ಸಲ ಆಡಿದ್ದೇನೋ. ಅಮ್ಮ ಊರಲ್ಲೇ ಇದ್ದು ನೀರಿಗೆ ಬರಲಿಲ್ಲ. ನಾನೂ ಬರಲಿಲ್ಲ. ಈಗ ಪವಾಯಿಯಲ್ಲೂ ನಮ್ಮದು ನೀರಿನ ಪಕ್ಕದ ಮನೆಯೇ. 1891ರಲ್ಲಿ ಕಟ್ಟಿದ ಆ ಕೆರೆಯಲ್ಲಿ ಮೊಸಳೆಗಳಿವೆ, ಅಲ್ಲಿ ಇಳಿಯದಿರುವುದಕ್ಕೆ ಅರ್ಥವುಂಟು. ಮುಲ್ಕಿಯ ಕಡಲಲ್ಲಿ ಯಾವ ಮೊಸಳೆ ಇತ್ತು?

ಇಲ್ಲಿ ನನ್ನ ಯೋಚನೆ ಬೇರೆ ದಾರಿ ಹಿಡಿಯಿತು. ಊರಿಗೆ ನಾವು ಏನನ್ನು ಕೊಡಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟು ವರ್ಷ ಒಂದೇ ಇತ್ತು: ಹಾಜರಿ. ಮದುವೆಗೆ ಹಾಜರಿ, ಸಾವಿಗೆ ಹಾಜರಿ, ನೇಮಕ್ಕೆ ಹಾಜರಿ. ಆ ಹಾಜರಿಗೆ ಬೆಲೆ ಇಲ್ಲ ಅನ್ನುವುದಿಲ್ಲ. ಆ ವರ್ಷವೂ ಚಪ್ಪರದಲ್ಲಿ ನನ್ನ ಪಕ್ಕದ ಜಾಗ ಖಾಲಿ ಕಂಡಾಗ ಹೊಟ್ಟೆ ಚುರುಕ್ ಅಂದಿತು. ಆದರೆ ಊರನ್ನು ಬರೀ ಕರ್ತವ್ಯದ ಜಾಗ ಮಾಡಿದ್ದು ನಾವೇ. ಅಲ್ಲಿ ಅಳುವುದು, ಕೈಮುಗಿಯುವುದು, ಬಡಿಸುವುದು. ಆಡುವುದು ಮಾತ್ರ ಹೊರಗೆ. ಮಕ್ಕಳು ಆಟಕ್ಕೆ ವಿಮಾನ ಹತ್ತಿದರೆ ಅವರಿಗೆ ಊರು ಬೇಡವಾಯಿತು ಅನ್ನುತ್ತೇವೆ. ಸಂತೋಷಪಡಲು ಅನುಮತಿ ಇಲ್ಲದ ಊರಿನ ಮೇಲೆ ಪ್ರೀತಿ ಎಷ್ಟು ದಿನ ಉಳಿದೀತು?

ಪೂರಾ ನಿರಾಸೆಯ ಮಾತೇನೂ ಅಲ್ಲ ಇದು. ಮುಲ್ಕಿಯ ನೀರಲ್ಲೇ ಕಲಿತ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಆಟದಲ್ಲಿ ಹೊರದೇಶದ ಸ್ಪರ್ಧೆಗಳವರೆಗೆ ಹೋದ ಹುಡುಗಿ. ಕರ್ನಾಟಕದಿಂದ ಕೋವಳಂಗೆ ದುಡಿಯಲು ಹೋದ ಕುಟುಂಬದ ರಮೇಶ್ ಬುದಿಹಾಳ್ ಅಲ್ಲಿಯ ಕಡಲಲ್ಲಿ ಕಲಿತು, 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಸರ್ಫಿಂಗ್ ಸ್ಪರ್ಧೆಯಲ್ಲಿ ಕಂಚು ಗೆದ್ದ. ಒಬ್ಬಳು ಊರಿನ ನೀರಲ್ಲಿ ನಿಂತಳು, ಇನ್ನೊಬ್ಬ ಪರವೂರಿನ ನೀರಲ್ಲಿ. ಇಬ್ಬರೂ ದಡದವರ ಮಾತು ಕೇಳಿರಲೇಬೇಕು, ಕೇಳಿಯೂ ಇಳಿದಿರಬೇಕು.

ಮುಂದಿನ ರಜೆಯ ಲೆಕ್ಕ ಈಗ ನಮ್ಮ ಮನೆಯಲ್ಲಿ ಮತ್ತೆ ಶುರುವಾಗಿದೆ. ಈ ಸಲ ನೇಮಕ್ಕೆ ಬರುತ್ತೇನೆ, ಎರಡು ದಿನ ಹೆಚ್ಚಿಗೆ ಹಾಕಿ ಮುಲ್ಕಿಯಲ್ಲೇ ಹಲಗೆ ಹಿಡಿಯುತ್ತೇನೆ ಅಂತ ಮಗಳೇ ಹೇಳಿದಳು. ನಾನು ಒತ್ತಾಯ ಮಾಡಿದ್ದಲ್ಲ. ಒಂದೇ ಷರತ್ತು ಹಾಕಿದಳು: ಊರಲ್ಲಿ ಯಾರಿಗೂ ಮೊದಲೇ ಹೇಳಬಾರದು. ಆಯ್ತು ಅಂದೆ. ಅಮ್ಮನಿಗೊಬ್ಬಳಿಗೆ ಫೋನಿನಲ್ಲಿ ಮೆಲ್ಲ ಹೇಳಿದೆ, ಅವರಿಗೆ ಸಂತೋಷವಾಗಲಿ ಅಂತ.

ನಿನ್ನೆ ದೊಡ್ಡಮ್ಮನ ಮಗ ಫೋನ್ ಮಾಡಿದ್ದ. ಮಗಳು ನೀರಿಗಿಳಿಯುವುದು ಎಷ್ಟು ಗಂಟೆಗೆ ಅಂತ ಕೇಳಿದ. ಅಜ್ಜಿಗೆ ದಡದಲ್ಲಿ ಕೂರಲು ಕುರ್ಚಿ ತರಬೇಕಂತೆ.