ನೀರಿನ ಉತಾರ ಯಾರ ಹೆಸರಲಿ?

ನಮ್ಮ ಜತ್ತ ತಾಲೂಕಿನಲ್ಲಿ ನೀರಂದರ ಜೀವ. 1972ರ ಬರದಾಗ ಕಲ್ಲು ಒಡೆದು ಕೂಲಿ ಮಾಡಿದ ಮನಿ ನಮ್ಮದು. ಹೋದ ಬ್ಯಾಸಗಿಗೆ ದಾಳಿಂಬರ ತೋಟ ಬಾಡಿತು. ಎರಡನೇ ಬೋರ್ ಹೊಡೆಸಲು ಮುಂಗಡ ಕೊಟ್ಟೆ.

ಸಂಜಿಗೆ ಸರಪಂಚರ ಜೋಡಿ ಊರ ಹುಡುಗರು ಬಂದರು. ಅಹಿಲ್ಯಾನಗರ (ಮೊದಲಿನ ಅಹಮದನಗರ) ಕಡೆಯ ಹಿವರೆ ಬಾಜಾರ ನೋಡಿ ಬಂದವರು. ಅಲ್ಲಿ ಹುಡುಗರೇ ಒತ್ತಾಯ ಮಾಡಿ ಪೋಪಟರಾವ್ ಪವಾರರನ್ನು ಸರಪಂಚ ಮಾಡಿದ್ದರು. ಒಡ್ಡು ಹಾಕಿ, ಬೇಸಾಯಕ್ಕೆ ಬೋರ್ ಬ್ಯಾಡ ಅಂತ ಊರೇ ಕಟ್ಟು ಮಾಡಿಕೊಂಡಿತು.

“ಕಾಕಾ, ನೀವು ಆಳಕ್ಕ ಹೋದರ ಕೆಳಗಿನವರ ಬಾವಿ ಬತ್ತತಾವ್ರಿ” ಅಂದ ಒಬ್ಬ.

“ಹೊಲ ನಂದು, ರೊಕ್ಕ ನಂದು” ಅಂದೆ.

“ಗಂಗವ್ವ ಎಲ್ಲಾರ ತಾಯಿ ಅಂತ ಡೊಳ್ಳಿನ ಪದದಾಗ ನೀವೇ ಹಾಡ್ತೀರಲ್ರಿ?”

ರಾತ್ರಿ ನಿದ್ದಿ ಹತ್ತಲಿಲ್ಲ. ಹೊಲದ ಉತಾರ ನನ್ನ ಹೆಸರಲೈತಿ ಖರೆ. ಅದರ ಕೆಳಗಿನ ನೀರಿನ ಉತಾರ? ಮಳಿ ಯಾರ ಬದು ನೋಡಿ ಬೀಳತೈತಿ? ಆದರ ಬಿಡು ಅನ್ನುವುದು ಸರಳ; ತೋಟದ ಸಾಲ ಯಾರು ತೀರಿಸಬೇಕು? ಬೆಳಿಗ್ಗೆ ಕೇಳಿದರೆ ಸರಪಂಚರೂ ಸುಮ್ಮನಾದರು.

ಬೋರ್ ಬಿಟ್ಟೆ. ಅರ್ಧ ತೋಟ ಕಿತ್ತು ಜೋಳ ಬಿತ್ತಿದೆ. ಹುಡುಗರು ಎಂಟು ದಿನ ಬಂದು ನನ್ನ ಹೊಲಕ್ಕೆ ಒಡ್ಡು ಹಾಕಿಕೊಟ್ಟರು, ಬುತ್ತಿ ಸೈತ ತಾವೇ ತಂದಿದ್ದರು. ನನ್ನ ಮಗ ಮಾತ್ರ ಇನ್ನೂ ಸರಿಯಾಗಿ ಮಾತಾಡವೊಲ್ಲ.